‘ಫೈನ್’ ಎಂಬ ಪದದ ಹಲವು ಮುಖಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷಿನ ‘ಫೈನ್’ ಪದದ ಬಗ್ಗೆ ಬೇರೆ ಬೇರೆ ಓದುಗರು ಕೇಳಿರುವ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಒಂದೇ ಪದಕ್ಕೆ ಮೀಸಲಿಡಲಾಗಿದೆ.

ಪ್ರಶ್ನೆ: ನಿಯಮ ಮೀರಿದವರು ಕಟ್ಟುವ ದಂಡವೂ ‘ಫೈನ್’, ಕ್ಷೇಮವಾಗಿದ್ದೇನೆ ಎನ್ನುವುದಕ್ಕೂ ‘ಫೈನ್’. ಇದು ಒಂದೇ ಪದವೋ ಅಥವಾ ಉಚ್ಚಾರಣೆಯಲ್ಲಿ ಆಕಸ್ಮಿಕವಾಗಿ ಕೂಡಿಕೊಂಡ ಎರಡು ಪದಗಳೋ?

ಉತ್ತರ: ನಿಘಂಟುಗಳಲ್ಲಿ ಇವೆರಡೂ ಬೇರೆ ಬೇರೆ ನಮೂದುಗಳಾಗಿಯೇ ಕಾಣುತ್ತವೆ, ಆದರೆ ಬೇರು ಒಂದೇ. ಲ್ಯಾಟಿನ್ನಿನ ‘ಫೀನಿಸ್’ ಎಂಬ ನಾಮಪದಕ್ಕೆ ಕೊನೆ, ಎಲ್ಲೆ, ಗಡಿ ಎಂಬ ಅರ್ಥಗಳಿದ್ದವು. ಅದು ಹಳೆಯ ಫ್ರೆಂಚಿನಲ್ಲಿ ‘ಫಿನ್’ ಆಗಿ, ಅಲ್ಲಿಂದ ಮಧ್ಯಯುಗದಲ್ಲಿ ಇಂಗ್ಲಿಷಿಗೆ ಎರಡು ದಾರಿಗಳಲ್ಲಿ ಬಂದಿತು. ಒಂದು ನ್ಯಾಯಾಲಯದ ದಾರಿ, ಇನ್ನೊಂದು ಗುಣವನ್ನು ಅಳೆಯುವ ದಾರಿ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಭೂಮಿಯ ಒಡೆತನದ ವ್ಯಾಜ್ಯವನ್ನು ರಾಜಿಯ ಮೂಲಕ ಕೊನೆಗಾಣಿಸುವ ಕರಾರಿಗೇ ‘ಫೈನ್’ ಎಂಬ ಹೆಸರಿತ್ತು. ಒಂದೇ ಚರ್ಮಪತ್ರದ ಮೇಲೆ ಆ ಕರಾರಿನ ಮೂರು ಪ್ರತಿಗಳನ್ನು ಬರೆದು, ಇಬ್ಬರು ಕಕ್ಷಿದಾರರಿಗೆ ಒಂದೊಂದನ್ನು ಕತ್ತರಿಸಿ ಕೊಟ್ಟು, ಹಾಳೆಯ ಬುಡದಲ್ಲಿದ್ದ ಮೂರನೆಯದನ್ನು ಸರ್ಕಾರದ ದಾಖಲೆಗೆ ಸೇರಿಸುವ ಪದ್ಧತಿ 1195ರಲ್ಲಿ ಆರಂಭವಾಯಿತು. ಬುಡದ ಆ ಪ್ರತಿಗಳನ್ನು ಇತಿಹಾಸಕಾರರು ಇಂದಿಗೂ ‘ಫೀಟ್ ಆಫ್ ಫೈನ್ಸ್’, ಅಂದರೆ ‘ಫೈನ್‌ಗಳ ಪಾದಗಳು’ ಎಂದೇ ಕರೆಯುತ್ತಾರೆ. ಭೂಮಿಯ ಈ ಕರಾರು ಪದ್ಧತಿಯನ್ನು 1833ರ ಕಾನೂನು ರದ್ದುಪಡಿಸಿತು. ಇದರ ಜೊತೆಜೊತೆಗೇ, ತಪ್ಪು ಮಾಡಿದವನು ಸೆರೆಮನೆಯಿಂದ ಅಥವಾ ರಾಜನ ಅವಕೃಪೆಯಿಂದ ಪಾರಾಗಲು ಒಂದು ಮೊತ್ತವನ್ನು ಕೊಟ್ಟು ಪ್ರಕರಣವನ್ನು ಮುಗಿಸಿಕೊಳ್ಳುವುದಕ್ಕೂ ಅದೇ ಪದ ಬಳಕೆಯಾಗುತ್ತಿತ್ತು. ‘ಮುಗಿಸುವುದು’ ಎಂಬ ಅರ್ಥ ಕಾಲಕ್ರಮದಲ್ಲಿ ಹಿಂದೆ ಸರಿದು, ಮುಗಿಸಲು ಕೊಟ್ಟ ಹಣವೇ ‘ಫೈನ್’ ಎನಿಸಿತು. ಮೊದಲು ಮಾತುಕತೆಯಿಂದ ನಿಗದಿಯಾಗುತ್ತಿದ್ದ ಮೊತ್ತ ಈಗ ಅಧಿಕಾರದಲ್ಲಿರುವವರು ವಿಧಿಸುವ ಮೊತ್ತವಾಗಿದೆ ಎಂಬುದೇ ಈ ದಾರಿಯಲ್ಲಿ ಆದ ದೊಡ್ಡ ಬದಲಾವಣೆ.

ಎರಡನೆಯ ದಾರಿ ಇನ್ನೂ ಸೊಗಸಾದದ್ದು. ಕೊನೆ ಮುಟ್ಟಿದ್ದು ಎಂದರೆ ಇನ್ನು ತಿದ್ದಲು ಏನೂ ಉಳಿಯದಿರುವುದು, ಅಂದರೆ ಪರಿಪೂರ್ಣವಾದದ್ದು. ಚಿನ್ನದ ವಿಷಯದಲ್ಲಿ ಈ ಅರ್ಥ ಸ್ಪಷ್ಟವಾಗಿ ಕಾಣುತ್ತದೆ: ಪುಟಕ್ಕಿಟ್ಟು ಕಲಬೆರಕೆಯನ್ನೆಲ್ಲ ಕಳೆದ ಮೇಲೆ ಉಳಿಯುವ ಅಪರಂಜಿಯೇ ‘ಫೈನ್ ಗೋಲ್ಡ್’. ಸಾವಿರ ಭಾಗಗಳಲ್ಲಿ ಎಷ್ಟು ಭಾಗ ಅಪ್ಪಟ ಚಿನ್ನ ಎಂಬ ಅಳತೆಗೆ ಇಂದಿಗೂ ‘ಫೈನ್‌ನೆಸ್’ ಎಂದೇ ಹೆಸರು. 22 ಕ್ಯಾರೆಟ್ ಚಿನ್ನದ ಮೇಲೆ ಕಾಣುವ 916 ಎಂಬ ಅಂಕಿ ಇದೇ ಅಳತೆಯದು. ಶುದ್ಧವಾದದ್ದರಿಂದ ಒರಟುತನ ಕಳೆದದ್ದಕ್ಕೆ, ಅಲ್ಲಿಂದ ನುಣುಪಾದದ್ದು, ತೆಳುವಾದದ್ದು, ಸೂಕ್ಷ್ಮವಾದದ್ದಕ್ಕೆ ಅರ್ಥ ಹಬ್ಬಿತು. ಇನ್ನೊಂದು ಕವಲಿನಲ್ಲಿ ಉತ್ತಮ, ಸುಂದರ, ಹಿತಕರ ಎಂಬ ಅರ್ಥಗಳು ಬೆಳೆದು, ಕೊನೆಗೆ ‘ಚೆನ್ನಾಗಿದ್ದೇನೆ’ ಎಂಬ ದಿನಬಳಕೆಯ ಉತ್ತರದವರೆಗೆ ಬಂದವು.

ಒಂದು ಪದ ಅನೇಕ ಅರ್ಥಗಳಿಗೆ ಕವಲೊಡೆಯುವುದು ಕನ್ನಡಿಗರಿಗೆ ಅಪರಿಚಿತವೇನಲ್ಲ. ‘ದಂಡ’ ಎಂಬುದನ್ನೇ ನೋಡಬಹುದು: ಕೋಲು, ಶಿಕ್ಷೆ, ಶಿಕ್ಷೆಯಾಗಿ ತೆರುವ ಹಣ, ‘ಪಟ್ಟ ಶ್ರಮವೆಲ್ಲ ದಂಡವಾಯಿತು’ ಎನ್ನುವಾಗಿನ ವ್ಯರ್ಥ, ಇಷ್ಟೂ ಆ ಒಂದು ಪದದಲ್ಲಿವೆ.

ಪ್ರಶ್ನೆ: ನಿಘಂಟಿನಲ್ಲಿ ಈ ಪದಕ್ಕೆ ಸಾಲುಸಾಲಾಗಿ ಅರ್ಥಗಳನ್ನು ಕೊಟ್ಟಿರುತ್ತಾರೆ. ಅನುವಾದ ಮಾಡುವಾಗ ಸರಿಯಾದ ಅರ್ಥವನ್ನು ಆರಿಸಿಕೊಳ್ಳುವುದು ಹೇಗೆ?

ಉತ್ತರ: ‘ಫೈನ್’ ಪದವನ್ನು ಬಿಟ್ಟು, ಅದರ ಮುಂದೆ ನಿಂತಿರುವ ನಾಮಪದವನ್ನು ಮೊದಲು ನೋಡಬೇಕು. ಅರ್ಥವನ್ನು ನಿರ್ಧರಿಸುವುದು ಅದೇ. ಪುಡಿಯ ಜೊತೆ ಬಂದರೆ ನುಣ್ಣಗಿನದು, ದಾರದ ಅಥವಾ ಕೂದಲಿನ ಜೊತೆ ಬಂದರೆ ಎಳೆ ಸಪೂರವಾದದ್ದು, ಹವೆಯ ಜೊತೆ ಬಂದರೆ ಮಳೆಯಿಲ್ಲದ ತಿಳಿಯಾದ ದಿನ. ವ್ಯತ್ಯಾಸ ಎಂಬ ಪದದ ಜೊತೆ ಬಂದಾಗ ‘ಒಳ್ಳೆಯ ವ್ಯತ್ಯಾಸ’ ಎಂದು ಬರೆಯುವುದು ತಪ್ಪು, ಅಲ್ಲಿ ‘ಸೂಕ್ಷ್ಮ ವ್ಯತ್ಯಾಸ’ ಎಂದೇ ಆಗಬೇಕು. ‘ಫೈನ್ ಆರ್ಟ್ಸ್’ ಎಂಬುದಕ್ಕೆ ನಮ್ಮಲ್ಲಿ ನೆಲೆನಿಂತಿರುವ ‘ಲಲಿತಕಲೆ’ ಬಹಳ ಯೋಗ್ಯವಾದ ಅನುವಾದ, ಏಕೆಂದರೆ ಅಲ್ಲಿ ‘ಫೈನ್’ ಪದದ ಒತ್ತು ಸೂಕ್ಷ್ಮತೆಗಿಂತ ಹೆಚ್ಚಾಗಿ ಸೌಂದರ್ಯದ ಮೇಲಿದೆ. ‘ಫೈನ್ ಪ್ರಿಂಟ್’ ಎಂದರೆ ಅಂದವಾದ ಮುದ್ರಣವಲ್ಲ, ಕರಾರು ಪತ್ರಗಳ ಕೆಳಗೆ ಓದುಗರ ಕಣ್ಣು ತಪ್ಪಿಸುವಂತೆ ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿದ ಷರತ್ತುಗಳು. ಇದನ್ನು ತಪ್ಪಾಗಿ ಅನುವಾದಿಸಿದರೆ ಓದುಗನಿಗೆ ನಿಜವಾದ ನಷ್ಟವೇ ಆಗಬಹುದಾದ್ದರಿಂದ ಅನುವಾದಕರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕೆಂದು ವಿನಂತಿಸುತ್ತೇನೆ.

ಇಂಗ್ಲಿಷಿನಲ್ಲಿ ‘ಎ ಫೈನ್ ಮೆಸ್’ ಎಂಬ ಮಾತೂ ಇದೆ. ಪದದ ಮೇಲರ್ಥವನ್ನೇ ಹಿಡಿದು ‘ಸುಂದರವಾದ ಗೊಂದಲ’ ಎಂದು ಬರೆದರೆ ಮಾತಿನ ಜೀವವೇ ಹೋಗುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಮಾತು ಸಿದ್ಧವಾಗಿಯೇ ಇದೆ: ‘ಒಳ್ಳೇ ಪೇಚಾಟಕ್ಕೆ ಬಂತು’, ‘ಒಳ್ಳೇ ಫಜೀತಿ ಆಯಿತು’. ಇಲ್ಲಿನ ‘ಒಳ್ಳೇ’ ಎಂಬುದು ‘ಫೈನ್’ ಮಾಡುವ ಕೆಲಸವನ್ನೇ ಮಾಡುತ್ತದೆ.

ಪ್ರಶ್ನೆ: ಪ್ರಬಂಧ ಬರೆಯುವಾಗ ‘ಫೈನ್’ ಪದವೇ ಪದೇ ಪದೇ ಬರುವುದನ್ನು ತಪ್ಪಿಸಲು ಸಮಾನಾರ್ಥಕ ಕೋಶವನ್ನು ನೋಡಿ ‘ನೈಸ್’, ‘ಎಕ್ಸಲೆಂಟ್’, ‘ಡೆಲಿಕೇಟ್’ ಮುಂತಾದವನ್ನು ಬದಲಿಗೆ ಹಾಕುತ್ತೇನೆ. ಇದು ಸರಿಯೇ?

ಉತ್ತರ: ಸಮಾನಾರ್ಥಕ ಪದಗಳು ಇಡೀ ಪದಕ್ಕೆ ಸಮಾನವಾಗಿರುವುದಿಲ್ಲ, ಅದರ ಯಾವುದೋ ಒಂದು ಅರ್ಥಕ್ಕೆ ಮಾತ್ರ ಸಮಾನವಾಗಿರುತ್ತವೆ. ‘ಎಕ್ಸಲೆಂಟ್’ ಎಂಬುದು ಉತ್ತಮ ಎಂಬ ಅರ್ಥದ ‘ಫೈನ್’ ಇರುವಲ್ಲಿ ಹೊಂದುತ್ತದೆಯೇ ಹೊರತು ನುಣ್ಣಗಿನ ಮರಳಿಗೆ ಹೊಂದುವುದಿಲ್ಲ. ‘ಡೆಲಿಕೇಟ್’ ನಾಜೂಕಾದ ಕುಸುರಿಗೆ ಸಲ್ಲುತ್ತದೆ, ತಿಳಿಯಾದ ಹವೆಗೆ ಸಲ್ಲುವುದಿಲ್ಲ. ಹಾಗಾಗಿ ಕೋಶವನ್ನು ತೆರೆಯುವ ಮೊದಲು ನಿಮ್ಮ ವಾಕ್ಯದಲ್ಲಿರುವ ‘ಫೈನ್’ ಯಾವ ಅರ್ಥದ್ದು ಎಂಬುದನ್ನು ನೀವೇ ಕನ್ನಡದಲ್ಲಿ ಹೇಳಿಕೊಂಡು ನೋಡಿ.

ಹೊಗಳಿಕೆಯ ಅರ್ಥದಲ್ಲಿಯೇ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ, ಇದನ್ನು ಪಠ್ಯಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಫೈನ್’ ನಾಮಪದದ ಹಿಂದೆ ಬಂದರೆ ಅದು ಹೆಚ್ಚಿನ ಮೆಚ್ಚುಗೆ. ವಾಕ್ಯದ ಕೊನೆಗೆ ಬಂದರೆ ಬಹುಮಟ್ಟಿಗೆ ‘ಪರವಾಗಿಲ್ಲ’ ಎಂಬಷ್ಟೇ ಅರ್ಥ. ‘ಶಿ ಈಸ್ ಎ ಫೈನ್ ರೈಟರ್’ ಎಂದರೆ ಆಕೆ ಶ್ರೇಷ್ಠ ಬರಹಗಾರ್ತಿ. ‘ದ ರೈಟಿಂಗ್ ಈಸ್ ಫೈನ್’ ಎಂದರೆ ಬರವಣಿಗೆಯಲ್ಲಿ ದೋಷವಿಲ್ಲ, ಸಾಕು ಎಂಬ ಧ್ವನಿ. ಮೊದಲನೆಯದರಲ್ಲಿ ‘ಎಕ್ಸಲೆಂಟ್’ ಹಾಕಿದರೆ ಅರ್ಥ ಉಳಿಯುತ್ತದೆ, ಎರಡನೆಯದರಲ್ಲಿ ಹಾಕಿದರೆ ಅರ್ಥವೇ ಬದಲಾಗುತ್ತದೆ. ಏನಾದರೂ ಬೇಕೇ ಎಂದು ಕೇಳಿದಾಗ ‘ನೋ, ಐ ಆಮ್ ಫೈನ್’ ಎಂದು ಉತ್ತರ ಬಂದರೆ ಅದು ಆರೋಗ್ಯದ ಸುದ್ದಿಯಲ್ಲ, ‘ಬೇಡ’ ಎಂಬ ಸೌಜನ್ಯದ ನಿರಾಕರಣೆ. ಕನ್ನಡದ ‘ಪರವಾಗಿಲ್ಲ’ ಕೂಡ ಇವೆರಡೂ ಕೆಲಸಗಳನ್ನು ಮಾಡುತ್ತದೆ.

‘ನೈಸ್’ ಪದದ ಚರಿತ್ರೆಯೂ ಇಲ್ಲಿ ಪ್ರಸ್ತುತ. ಅದರ ಮೂಲವಾದ ಲ್ಯಾಟಿನ್ ‘ನೆಸ್ಕಿಯುಸ್’ ಎಂದರೆ ಅಜ್ಞಾನಿ. ಇಂಗ್ಲಿಷಿಗೆ ಬಂದಾಗ ಅದಕ್ಕೆ ‘ಮೂರ್ಖ’ ಎಂಬ ಅರ್ಥವಿತ್ತು. ಅಲ್ಲಿಂದ ಅತಿಯಾಗಿ ನಾಜೂಕು ಮಾಡುವವನು, ಸೂಕ್ಷ್ಮವಾದದ್ದು, ನಿಖರವಾದದ್ದು ಎಂದೆಲ್ಲ ಬದಲಾಗುತ್ತ 18ನೇ ಶತಮಾನದಲ್ಲಿ ಹಿತಕರ ಎಂಬ ಇಂದಿನ ಅರ್ಥಕ್ಕೆ ತಲುಪಿತು. ನಮ್ಮ ಆಡುಮಾತಿನಲ್ಲಂತೂ ‘ನೈಸಾಗಿ ಪುಡಿ ಮಾಡು’ ಎಂದಾಗ ಅದು ಇಂಗ್ಲಿಷಿನ ‘ಫೈನ್’ ಇರುವ ಜಾಗದಲ್ಲಿಯೇ ಕುಳಿತಿದೆ, ‘ನೈಸಾಗಿ ಜಾರಿಕೊಂಡ’ ಎಂದಾಗ ಯಾರಿಗೂ ತಿಳಿಯದಂತೆ ಎಂಬ ಅರ್ಥವನ್ನೂ ಪಡೆದಿದೆ. ಆದ್ದರಿಂದ ಕನ್ನಡದ ‘ನೈಸು’ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ‘ನೈಸ್ ಪೌಡರ್’ ಎಂದು ಬರೆದರೆ ಓದುವವರು ‘ಒಳ್ಳೆಯ ಪುಡಿ’ ಎಂದಷ್ಟೇ ತಿಳಿಯುತ್ತಾರೆ.

ಸಮಾನಾರ್ಥಕ ಕೋಶವನ್ನು ದೂರುವುದು ನನ್ನ ಉದ್ದೇಶವಲ್ಲ. ವೈದ್ಯರಾಗಿದ್ದ ಪೀಟರ್ ಮಾರ್ಕ್ ರೊಜೆ 1852ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೋಶ ಪದಗಳನ್ನು ಅಕಾರಾದಿಯಾಗಿ ಜೋಡಿಸದೆ, ಭಾವನೆ ಮತ್ತು ವಿಷಯಗಳ ಪ್ರಕಾರ ಗುಂಪು ಮಾಡಿತ್ತು. ನಮ್ಮ ಅಮರಕೋಶವೂ ವಿಷಯಾನುಸಾರ ವರ್ಗಗಳಾಗಿ ಸಮಾನಾರ್ಥಕಗಳನ್ನು ಕೊಟ್ಟು, ಒಂದೇ ಪದಕ್ಕೆ ಹಲವು ಅರ್ಥಗಳಿರುವುದನ್ನು ಹೇಳಲು ‘ನಾನಾರ್ಥವರ್ಗ’ ಎಂಬ ಬೇರೆಯೇ ಭಾಗವನ್ನು ಇಟ್ಟುಕೊಂಡಿದೆ. ಇಂಥ ಕೋಶಗಳು ಮರೆತ ಪದವನ್ನು ನೆನಪಿಸುತ್ತವೆ. ಗೊತ್ತಿಲ್ಲದ ಪದವನ್ನು ಅಲ್ಲಿಂದ ನೇರವಾಗಿ ಎತ್ತಿ ಬಳಸುವ ಮೊದಲು ಸಾಮಾನ್ಯ ನಿಘಂಟಿನಲ್ಲಿ ಅದರ ಪ್ರಯೋಗವನ್ನು ನೋಡುವುದು ಅಗತ್ಯ.

ಪ್ರಶ್ನೆ: ಫೈನ್, ಪೆನಾಲ್ಟಿ, ಡ್ಯಾಮೇಜಸ್ ಇವುಗಳಲ್ಲಿ ವ್ಯತ್ಯಾಸವಿದೆಯೇ?

ಉತ್ತರ: ಇದೆ. ‘ಫೈನ್’ ಎಂಬುದು ನಿಯಮ ಮೀರಿದ್ದಕ್ಕಾಗಿ ಅಧಿಕಾರವುಳ್ಳವರು ವಿಧಿಸುವ ಹಣ. ಕನ್ನಡದಲ್ಲಿ ದಂಡ ಅಥವಾ ಜುಲ್ಮಾನೆ. ‘ಪೆನಾಲ್ಟಿ’ ಅದಕ್ಕಿಂತ ವಿಶಾಲವಾದ ಪದ, ಅದು ಹಣದ ರೂಪದಲ್ಲಿಯೇ ಇರಬೇಕೆಂದಿಲ್ಲ. ಫುಟ್‌ಬಾಲ್ ಆಟದಲ್ಲಿ ಎದುರಾಳಿಗೆ ಸಿಗುವ ಒದೆತದ ಅವಕಾಶವೂ ಪೆನಾಲ್ಟಿಯೇ. ‘ಡ್ಯಾಮೇಜಸ್’ ಎಂದರೆ ನಷ್ಟಪರಿಹಾರ, ಅದು ಸೇರುವುದು ಹಾನಿಗೊಳಗಾದವರಿಗೆ. ಕಾನೂನಿನ ಸುದ್ದಿಗಳಲ್ಲಿ ಪರಿಹಾರವನ್ನು ‘ದಂಡ’ ಎಂದು ಬರೆದರೆ ಹಣ ಯಾರಿಗೆ ಸೇರಿತು ಎಂಬ ಮುಖ್ಯ ಸಂಗತಿಯೇ ತಪ್ಪಾಗಿಬಿಡುತ್ತದೆ.

ಪ್ರಶ್ನೆ: ಕ್ರಿಕೆಟ್ಟಿನ ‘ಫೈನ್ ಲೆಗ್’ ಎಂಬುದರಲ್ಲಿ ‘ಫೈನ್’ ಏನನ್ನು ಹೇಳುತ್ತದೆ?

ಉತ್ತರ: ಕಿರಿದಾದ ಕೋನವನ್ನು. ಎರಡೂ ತುದಿಯ ವಿಕೆಟ್‌ಗಳನ್ನು ಸೇರಿಸುವ ಗೆರೆಯನ್ನು ಬ್ಯಾಟರ್‌ನ ಹಿಂದಕ್ಕೆ ಎಳೆದರೆ, ಅದಕ್ಕೆ ಹತ್ತಿರವಾಗಿ ನಿಲ್ಲುವುದು ‘ಫೈನ್’, ಆ ಗೆರೆಗೆ ಲಂಬವಾದ ದಿಕ್ಕಿನಲ್ಲಿ ನಿಲ್ಲುವುದು ‘ಸ್ಕ್ವೇರ್’. ತೆಳು, ಸಪೂರ ಎಂಬ ಅರ್ಥದ ಕವಲು ಇದು.

ಪ್ರಶ್ನೆ: ಫೈನಲ್, ಫೈನಾನ್ಸ್, ರಿಫೈನ್ ಇವೂ ಇದೇ ಕುಟುಂಬದ ಪದಗಳೇ?

ಉತ್ತರ: ಹೌದು. ‘ಫೈನಲ್’, ‘ಫಿನಿಶ್’ ಇವುಗಳಲ್ಲಿ ಕೊನೆ ಎಂಬ ಅರ್ಥ ಹಾಗೆಯೇ ಉಳಿದಿದೆ. ‘ಡಿಫೈನ್’ ಎಂದರೆ ಎಲ್ಲೆ ಗುರುತಿಸುವುದು, ‘ಕನ್ಫೈನ್’ ಎಂದರೆ ಎಲ್ಲೆಯೊಳಗೆ ಇಡುವುದು. ‘ಫೈನಾನ್ಸ್’ ಮೊದಲಿಗೆ ಸಾಲವನ್ನು ತೀರಿಸಿ ಲೆಕ್ಕ ಚುಕ್ತಾ ಮಾಡುವುದನ್ನು ಹೇಳುತ್ತಿದ್ದ ಪದ, ಹಣಕಾಸಿನ ನಿರ್ವಹಣೆ ಎಂಬ ವ್ಯಾಪಕ ಅರ್ಥ ಆಮೇಲೆ ಬಂದದ್ದು. ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಕೃತಿ ಮುಗಿಯುವ ಜಾಗದಲ್ಲಿ ಇದೇ ಅಕ್ಷರಗಳ ಇಟಾಲಿಯನ್ ಪದ ಕಾಣುತ್ತದೆ, ಅದನ್ನು ‘ಫೀನೆ’ ಎಂದು ಉಚ್ಚರಿಸಬೇಕು. ‘ಪ್ಯಾರಫಿನ್’ ಕೂಡ ದೂರದ ಸಂಬಂಧಿ: ಬೇರೆ ವಸ್ತುಗಳೊಂದಿಗೆ ಸುಲಭವಾಗಿ ವರ್ತಿಸದ ಆ ಮೇಣಕ್ಕೆ ‘ನಂಟು ಕಡಿಮೆಯಿರುವುದು’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಹೆಸರಿಡಲಾಯಿತು, ಆ ನಂಟಿನ ಪದದಲ್ಲಿ ‘ಗಡಿ ಹಂಚಿಕೊಂಡ ನೆರೆ’ ಎಂಬ ಭಾವವಿದೆ. ಆದರೆ ಮೀನಿನ ಈಜುರೆಕ್ಕೆಯನ್ನು ಸೂಚಿಸುವ ‘ಫಿನ್’ ಈ ಕುಟುಂಬಕ್ಕೆ ಸೇರಿದ್ದಲ್ಲ, ಅದು ಹಳೆಯ ಇಂಗ್ಲಿಷಿನ ಸ್ವಂತ ಪದ.