ಲಕ್ಷಗಟ್ಟಲೆ ಫೈಲ್ ಇರೋ ಫೋಲ್ಡರಲ್ಲಿ ಆರ್‌ಎಂ ಸ್ಟಾರ್ ಕೊಟ್ರೆ, ಅಂದ್ರೆ ಇಲ್ಲಿರೋ ಫೈಲೆಲ್ಲಾ ಅಳಿಸು ಅಂತ ಲಿನಕ್ಸಿಗೆ ಹೇಳಿದ್ರೆ, 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್' ಅಂತ ಯಾಕೆ ಬರುತ್ತೆ?

ತಪ್ಪು ಆರ್‌ಎಂದಲ್ಲ, ಅದಿನ್ನೂ ಶುರುನೇ ಆಗಿರಲ್ಲ. ಸ್ಟಾರನ್ನ ಬಿಡಿಸೋದು ಶೆಲ್, ಅಂದ್ರೆ ನೀವು ಕಮಾಂಡ್ ಟೈಪ್ ಮಾಡೋ ಬ್ಯಾಶ್, ಅದು ಫೋಲ್ಡರಲ್ಲಿರೋ ಒಂದೊಂದು ಹೆಸರನ್ನೂ ಸಾಲಾಗಿ ಜೋಡಿಸಿ ಅಷ್ಟೂ ಪಟ್ಟಿನ ಒಂದೇ ಸಲಕ್ಕೆ ಆರ್‌ಎಂ ಕೈಗೆ ಕೊಡೋಕೆ ಹೋಗುತ್ತೆ, ಆದ್ರೆ ಹೊಸ ಪ್ರೋಗ್ರಾಂ ಶುರು ಮಾಡುವಾಗ ಇಷ್ಟೇ ದಾಟಿಸಬಹುದು ಅಂತ ಲಿನಕ್ಸಿನ ತಿರುಳಾದ ಕರ್ನಲ್ ಒಂದು ಮಿತಿ ಇಟ್ಟಿದೆ, ಮಾಮೂಲಿ ಸೆಟ್ಟಿಂಗಲ್ಲಿ ಸುಮಾರು 2 ಎಂಬಿ. ಮೀರಿದ್ರೆ ಬಾಗಿಲಲ್ಲೇ ವಾಪಸ್. ಇಲ್ಲಿ ಲೆಕ್ಕ ಹೆಸರುಗಳ ಒಟ್ಟು ಉದ್ದದ್ದು, ಫೈಲ್ ಸೈಜಿಂದಲ್ಲ, ಎಲ್ಲಾ ಖಾಲಿ ಫೈಲಾದ್ರೂ ಇದೇ ಗತಿ.

ಅದಕ್ಕೇ ಫೈಂಡ್ ಕಮಾಂಡ್ ಬಳಸಿ, ಅದು ತಾನೇ ಫೋಲ್ಡರ್ ಓದ್ಕೊಂಡು ಸಿಕ್ಕಿದ್ದನ್ನ ಸಿಕ್ಕಹಾಗೆ ಅಳಿಸ್ತಾ ಹೋಗುತ್ತೆ, ಪಟ್ಟಿ ಹೊರೋ ಗೋಜೇ ಇಲ್ಲ. ಡಿಲೀಟ್ ಆಪ್ಷನ್ ಮಾತ್ರ ಸಾಲಿನ ಕೊನೇಲಿ ಇರ್ಲಿ, ಹೆಸರಿನ ಷರತ್ತಿಗಿಂತ ಮುಂಚೆ ಬರೆದ್ರೆ ಬೇಕಾದ್ದೂ ಸೇರಿ ಎಲ್ಲಾ ಗುಡಿಸಿ ಹೋಗುತ್ತೆ! ಒಳಗಿನ ಫೋಲ್ಡರಿಗೂ ಇಳಿಯೋ ಅಭ್ಯಾಸ ಇದಕ್ಕಿದೆ, ಬೇಡ ಅಂದ್ರೆ ಮ್ಯಾಕ್ಸ್‌ಡೆಪ್ತ್ 1 ಅಂತ ಕೊಡಿ. ನಾನಂತೂ ಮೊದ್ಲು ಡಿಲೀಟ್ ಇಲ್ದೆ ಓಡ್ಸಿ ಏನೇನು ಸಿಗುತ್ತೆ ಅಂತ ನೋಡ್ಕೊಂಡೇ ಮುಂದೆ ಹೋಗೋದು.