ದಾರ ಹಾಕಿ ಹೊಲಿದ ನೋಟ್‌ಬುಕ್

(ಓದುಗರೊಬ್ಬರು ತಮ್ಮ ಅಜ್ಜಿಯ ನೆನಪಿನ ಲೇಖನ ಕಳಿಸಿದ್ದಾರೆ, ಜೊತೆಗೊಂದು ಪತ್ರ. ಅಜ್ಜಿ 34 ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ದೊಡ್ಡ ಕುಟುಂಬಕ್ಕೂ ಅವರೇ ಹಿರಿಯರು. ತೀರಿಕೊಂಡು ವರ್ಷವಾಗುತ್ತ ಬಂತು. "ಬರೆದದ್ದನ್ನು ಓದಿದರೆ ನಮ್ಮ ಅಜ್ಜಿ ಅನ್ನಿಸುವುದೇ ಇಲ್ಲ. ಯಾರ ಅಜ್ಜಿಯಾದರೂ ಆಗಬಹುದು. ಎಲ್ಲಿ ತಪ್ಪಿದೆ?" ಎಂದು ಕೇಳಿದ್ದಾರೆ.)

ನಿಮ್ಮ ಲೇಖನವನ್ನು ಎರಡು ಸಲ ಓದಿದೆ, ಪತ್ರವನ್ನು ನಾಲ್ಕು ಸಲ. ಲೇಖನದಲ್ಲಿ ಅಜ್ಜಿ ತ್ಯಾಗಮಯಿ, ಕರುಣಾಮಯಿ, ಆದರ್ಶ ಶಿಕ್ಷಕಿ. ಇದ್ಯಾವುದೂ ಸುಳ್ಳಲ್ಲ ಅಂತ ನಂಬುತ್ತೇನೆ. ಆದರೆ ಅವರು ನನ್ನ ಕಣ್ಣಿಗೆ ಕಟ್ಟಿದ್ದು ಪತ್ರದ ಕೊನೆಯಲ್ಲಿ, ಸಹಿ ಹಾಕಿದ ಮೇಲೆ ನೀವು ಸುಮ್ನೆ ಸೇರಿಸಿದ ನಾಲ್ಕು ಸಾಲಿನಲ್ಲಿ.

ಶಾಲೆಯ ವರ್ಷ ಮುಗಿದಾಗ ಮಕ್ಕಳು ಬಿಟ್ಟುಹೋದ ನೋಟ್‌ಬುಕ್‌ಗಳನ್ನು ಅವರು ಮನೆಗೆ ತರುತ್ತಿದ್ದರಂತೆ. ಖಾಲಿ ಹಾಳೆಗಳನ್ನು ಬಿಡಿಸಿಕೊಂಡು, ಅಂಚು ಸಮ ಮಾಡಿ, ದಪ್ಪ ಸೂಜಿಯಲ್ಲಿ ದಾರ ಹಾಕಿ ಹೊಲಿಯುತ್ತಿದ್ದರಂತೆ. ಹಳೇ ಕ್ಯಾಲೆಂಡರ್ ಹಾಳೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹೊದಿಕೆ. ಗೆರೆಯಿದ್ದ ಹಾಳೆ, ಗೆರೆಯಿಲ್ಲದ ಹಾಳೆ ಒಂದೇ ಪುಸ್ತಕದಲ್ಲಿ ಬೆರೆಯುವ ಹಾಗಿಲ್ಲ. "ಯಾರಿಗಜ್ಜಿ ಇದು?" ಅಂದರೆ "ಬೇಕಾದವರಿಗೆ" ಅಂತ ಒಂದೇ ಮಾತು.

ಗೆರೆ ಬೆರೆಯದ ಹಾಗೆ ನೋಡಿಕೊಂಡ ಆ ಎಚ್ಚರ ನೋಡಿ. ಬೆರೆತಿದ್ದರೆ ಅದು ಚೂರುಪಾರು ಸೇರಿಸಿ ಮಾಡಿದ್ದು ಅಂತ ಪಕ್ಕದಲ್ಲಿ ಕೂತ ಮಗುವಿಗೆ ಗೊತ್ತಾಗುತ್ತಿತ್ತು. ಯಾರೂ ಕೇಳದ ಹಾಗೆ, ಯಾರಿಗೂ ತಿಳಿಯದ ಹಾಗೆ ಅದು ಒಂದು ಪೂರ್ತಿ ನೋಟ್‌ಬುಕ್ ಆಗಬೇಕಿತ್ತು. ನೀವು ಬರೆದ 'ಕರುಣಾಮಯಿ' ಅನ್ನುವ ಮಾತಿನಲ್ಲಿ ಇದು ಎಲ್ಲಿದೆ ಹೇಳಿ?

ನನಗೆ ಅನ್ನಿಸುವುದು ಇಷ್ಟು. ಕೊಟ್ಟದ್ದನ್ನು ಹೇಳಿಕೊಳ್ಳದವರ ಅರ್ಧ ಬದುಕು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅದು ಪಡೆದುಕೊಂಡವರ ಹತ್ತಿರ ಇರುತ್ತದೆ. ನೀವು ಮನೆಯೊಳಗೆ ಕೂತು ಬರೆದಿದ್ದೀರಿ. ಸ್ವಲ್ಪ ಹೊರಗೆ ಹೋಗಿ ಬನ್ನಿ. ಅವರು ಮೊದಮೊದಲು ಪಾಠ ಮಾಡಿದ ಮಕ್ಕಳಿಗೇ ಈಗ 60 ದಾಟಿರಬೇಕು, ಅಲ್ವಾ? ತಡ ಮಾಡಬೇಡಿ. "ಟೀಚರ್ ಹೇಗಿದ್ದರು?" ಅಂತ ಕೇಳಿದರೆ "ತುಂಬಾ ಒಳ್ಳೆಯವರು" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕ್ಲಾಸಿನಲ್ಲಿ ಎಲ್ಲಿ ನಿಲ್ಲುತ್ತಿದ್ದರು, ಉತ್ತರ ತಪ್ಪಿದರೆ ಏನು ಮಾಡುತ್ತಿದ್ದರು, ನಿಮ್ಮನ್ನು ಏನಂತ ಕರೆಯುತ್ತಿದ್ದರು ಅಂತ ಕೇಳಿ. ಹಳೇ ಗ್ರೂಪ್ ಫೋಟೋ ಇದ್ದರೆ ಕೈಗೆ ಕೊಡಿ, ಮಾತು ತಾನಾಗಿ ಬರುತ್ತದೆ. ಅವರು ಹೇಳಿದ ಹೆಸರುಗಳನ್ನು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯಬಹುದು.

ಮನೆಯ ಸೊಸೆಯಂದಿರೂ ಅವರನ್ನು 'ಟೀಚರ್' ಅಂತಲೇ ಕರೆಯುತ್ತಿದ್ದರು ಎಂದು ಬರೆದಿದ್ದೀರಿ. ಓದಿದ ತಕ್ಷಣ ಹೆಲನ್ ಕೆಲರ್ ನೆನಪಾದರು. 1887ರ ಏಪ್ರಿಲ್ 5ರಂದು ಆನ್ ಸಲಿವನ್ ಪಂಪು ಹೊಡೆಯುತ್ತ, ಕಣ್ಣು ಕಾಣದ, ಕಿವಿ ಕೇಳದ ಆ ಹುಡುಗಿಗೆ 'ನೀರು' ಅನ್ನುವ ಮಾತನ್ನು ಅಂಗೈ ಮೇಲೆ ಬೆರಳಿನಿಂದ ಕಲಿಸಿದ್ದು ನಮಗೆಲ್ಲ ಗೊತ್ತು. ಹುಡುಗಿಯ ಕೈಯಲ್ಲಿ ಆಗ ಒಂದು ಲೋಟ ಇತ್ತು. ಇಷ್ಟು ಸಣ್ಣ ವಿಷಯವೂ ಉಳಿದಿದೆ, ಯಾಕೆಂದರೆ ಸಲಿವನ್ ಅದನ್ನು ಆಗಲೇ ಒಂದು ಪತ್ರದಲ್ಲಿ ಬರೆದಿದ್ದರು. ಅದೇ ಪತ್ರದಲ್ಲಿ ಇನ್ನೊಂದು ಸಂಗತಿ ಇದೆ. ಹುಡುಗಿ ಇದ್ದಕ್ಕಿದ್ದಂತೆ ತಿರುಗಿ ಇವರ ಹೆಸರು ಕೇಳಿದಳು. ಸಲಿವನ್ ಅವಳ ಅಂಗೈ ಮೇಲೆ ಬೆರಳಿನಿಂದಲೇ 'ಟೀಚರ್' ಅಂತ ತಿಳಿಸಿದರು. ಹೆಲನ್ ಅವರನ್ನು ಕೊನೆವರೆಗೂ ಹಾಗೇ ಕರೆದರು. 1936ರಲ್ಲಿ ಸಲಿವನ್ ತೀರಿಕೊಂಡಾಗ ಅವರ ಕೈ ಹಿಡಿದಿದ್ದವರೂ ಹೆಲನ್ನೇ. ನಿಮ್ಮ ಮನೆಯಲ್ಲಿ ಆ ಹೆಸರು ಮೊದಲು ಯಾರ ಬಾಯಲ್ಲಿ ಬಂತು? ಅದನ್ನೂ ವಿಚಾರಿಸಿ.

ಇನ್ನು ನಿಮ್ಮ ಅತ್ತೆಯ ಮಾತು. "ಅಮ್ಮ ಶಾಲೆಯ ಮಕ್ಕಳಿಗೆ ಕೊಟ್ಟಷ್ಟು ಹೊತ್ತು ನನಗೆ ಕೊಡಲಿಲ್ಲ" ಅಂದರಂತೆ. ಬರೆದರೆ ಅಜ್ಜಿಗೆ ಅವಮಾನ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನನ್ನ ಅಮ್ಮನೂ ಟೀಚರ್. ಪರೀಕ್ಷೆ ಮುಗಿದ ದಿನಗಳಲ್ಲಿ ಅವರ ಮಗ್ಗುಲಲ್ಲಿ ಉತ್ತರಪತ್ರಿಕೆಗಳ ಕಟ್ಟು. ಹಾಳೆ ಮಗುಚುವ ಸದ್ದು ಕೇಳುತ್ತಲೇ ನನಗೆ ನಿದ್ದೆ ಹತ್ತುತ್ತಿತ್ತು. ಮಾತಾಡಿಸಿದರೆ "ಇದೊಂದು ಮುಗಿಸ್ತೀನಿ, ಇರು" ಅನ್ನುತ್ತಿದ್ದರು. ಆ 'ಇರು' ಈಗಲೂ ಚುಚ್ಚುತ್ತದೆ. ಅದನ್ನು ಬಿಟ್ಟು ಬರೆದರೆ ಅದು ನನ್ನ ಅಮ್ಮ ಅಲ್ಲ. ಶಾಲೆಗೂ ಮನೆಗೂ ಇದ್ದದ್ದು ಒಂದೇ ದಿನ. ಯಾರಿಗೋ ಜಾಸ್ತಿ ಕೊಟ್ಟದ್ದು ಇನ್ಯಾರದೋ ಪಾಲಿನಿಂದಲೇ ಬಂದಿರುತ್ತದೆ. ನಿಮ್ಮ ಅಜ್ಜಿಯ ಔದಾರ್ಯದಲ್ಲಿ ನಿಮ್ಮ ಅತ್ತೆಯ ಪಾಲೂ ಇದೆ. ಅವರ ಹತ್ತಿರ ಕೂತು, ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ಬರೆಯಿರಿ.

ಒಂದು ಮಾತ್ರ ಮರೆಯಬೇಡಿ. ಅಜ್ಜಿಯಿಂದ ನೋಟ್‌ಬುಕ್ಕನ್ನೋ ಫೀಸನ್ನೋ ಪಡೆದವರ ಹೆಸರು ಹಾಕಬೇಡಿ. ಅವರೇ ಹೇಳಿ ಅಂದರೆ ಮಾತು ಬೇರೆ. ಅಜ್ಜಿ ಇಷ್ಟು ವರ್ಷ ಗುಟ್ಟಾಗಿಟ್ಟದ್ದನ್ನು ನಾವು ಅಚ್ಚು ಹಾಕಿ ಬಯಲು ಮಾಡುವುದು ಬೇಡ.

ಲೇಖನವನ್ನು ವಾಪಸ್ ಕಳಿಸುತ್ತಿದ್ದೇನೆ, ಬೇಜಾರಾಗಬೇಡಿ. ನೋಟ್‌ಬುಕ್ಕಿನಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಪುಟ ಕಾದಿರಿಸಿರುತ್ತೇನೆ. ಆ ನೋಟ್‌ಬುಕ್‌ಗಳಲ್ಲಿ ಒಂದಾದರೂ ಯಾರ ಹತ್ತಿರವಾದರೂ ಉಳಿದಿದ್ದರೆ ಫೋಟೋ ತೆಗೆದು ಕಳಿಸಿ. ಹೊದಿಕೆಯದಲ್ಲ, ಬೆನ್ನಿನ ಹೊಲಿಗೆ ಕಾಣುವ ಹಾಗೆ.

— ಸಂ.