‘ದೇವರು’ ಪುಸ್ತಕಕ್ಕೆ ಬೈಂಡ್ ಯಾಕೆ ಹಾಕಿದಿರಿ?

ಅರಸೀಕೆರೆಯ ಗೆಳೆಯರೇ,

ದೇವರನ್ನು ಪ್ರಶ್ನಿಸುವ ಪುಸ್ತಕಗಳನ್ನು ಓದಿದ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಕಾಗುಣಿತ ತಪ್ಪಿಲ್ಲ, ಓದಿಕೊಂಡಿದ್ದೀರಿ, ಧೈರ್ಯವೂ ಇದೆ. ಆದರೆ ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಎರಡು ದಿನ ಬಿಟ್ಟು ನಿಧಾನವಾಗಿ ಉತ್ತರ ಬರೆಯೋಣ ಅಂದುಕೊಂಡಿದ್ದೆ. ಆಗಲಿಲ್ಲ. ನಿಮ್ಮ ಎರಡನೇ ಪುಟದ ಒಂದು ಸಾಲು ತಲೆಯಿಂದ ಹೋಗುತ್ತಿಲ್ಲ, ಅದರ ಮುಂದಿನ ಸಾಲಿನ ಮೇಲೆ ಇನ್ನೂ ಸಿಟ್ಟಿದೆ.

ಮೊದಲು ಒಳ್ಳೆಯ ಸಾಲು. “ಅಮ್ಮನಿಗೆ ಕಾಣಬಾರದೆಂದು ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕಿದೆ.” ಪುಸ್ತಕ ಎ. ಎನ್. ಮೂರ್ತಿರಾಯರ ‘ದೇವರು’, ದೇವರಿದ್ದಾನಾ ಅಂತಲೇ ಪ್ರಶ್ನಿಸುವ ಪುಸ್ತಕ. ಇದನ್ನು ಓದಿ ನಾನು ಎದ್ದು ಕೂತೆ. ಯಾಕೆ ಗೊತ್ತಾ? ಆ ಪುಸ್ತಕದ ಹೆಸರು ‘ದೇವರು’ ಅಂತ, ಅಷ್ಟೇ. ಅಮ್ಮ ನೋಡಿದ್ದರೂ ಮಗ ಒಳ್ಳೆಯ ಪುಸ್ತಕ ಹಿಡಿದಿದ್ದಾನೆ ಅಂತ ಖುಷಿಪಡುತ್ತಿದ್ದರೇನೋ. ಹಾಗಿದ್ದರೂ ಮುಚ್ಚಿದಿರಿ. ಯಾರಿಂದ ಮುಚ್ಚಿದಿರಿ? ಕ್ಯಾಲೆಂಡರ್ ಹಾಳೆಯಲ್ಲಿ ಯಾವ ಚಿತ್ರ ಇತ್ತು, ಅದು ಒಳಗೆ ಬಂತಾ ಹೊರಗೆ ಬಂತಾ? ಮಡಚುವಾಗ ಕೈ ತಡೆಯಿತಾ? ನನಗೆ ಬೇಕಾಗಿದ್ದು ಇದು.

ನೀವು ಏನು ಮಾಡಿದಿರಿ? ಮುಂದಿನ ಸಾಲಲ್ಲೇ “ಆದರೆ ಸತ್ಯವನ್ನು ಎಷ್ಟು ದಿನ ಮುಚ್ಚಿಡಲು ಸಾಧ್ಯ?” ಅಂತ ಭಾಷಣ ಶುರು ಮಾಡಿದಿರಿ. ಅಮ್ಮ, ಪುಸ್ತಕ, ಕ್ಯಾಲೆಂಡರ್ ಎಲ್ಲ ಅಲ್ಲಿಗೆ ಮಾಯ. ಅದರ ಮುಂದೆ, “ಇಂದಿನ ವೈಜ್ಞಾನಿಕ ಯುಗದಲ್ಲೂ ಅಜ್ಞಾನದ ಅಂಧಕಾರದಲ್ಲಿ ಮುಳುಗಿರುವ ಜನ.” ಇದು ನಿಮ್ಮ ಸಾಲಲ್ಲ. ಯಾವ ವೇದಿಕೆಯಲ್ಲಾದರೂ ಕೇಳಿರುತ್ತೀರಿ, ನಾನೂ ಕೇಳಿದ್ದೇನೆ. ಆಮೇಲೆ, “ಈ ಕೃತಿ ನನ್ನ ಕಣ್ಣು ತೆರೆಸಿತು.” ಯಾವ ಪುಟದಲ್ಲಿ? ರಾಯರು ಹುಟ್ಟಿದ್ದು 1900ರಲ್ಲಿ, ಪುಸ್ತಕ ಬಂದಿದ್ದು 1991ರಲ್ಲಿ. ತೊಂಬತ್ತು ವರ್ಷದ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಬರೆದ ಪುಸ್ತಕ ಅದು. ಅವರ ಯಾವ ಮಾತಿಗೆ ನೀವು ಪುಸ್ತಕ ಮಡಚಿಟ್ಟು ಸುಮ್ನೆ ಕೂತಿರಿ, ಎಲ್ಲಿ ‘ಇದು ನಂಗೆ ಒಪ್ಪಿಗೆಯಿಲ್ಲ’ ಅನ್ನಿಸಿತು, ಒಂದೂ ಹೇಳಿಲ್ಲ.

ಭಗತ್ ಸಿಂಗ್ ಹೆಸರನ್ನೂ ಎಳೆದು ತಂದಿದ್ದೀರಿ, ಮೂರು ಸಲ. ಅವರು ‘ನಾನೇಕೆ ನಾಸ್ತಿಕ’ ಬರೆದಿದ್ದು 1930ರಲ್ಲಿ, ಲಾಹೋರಿನ ಜೈಲಿನಲ್ಲಿ, 23ನೇ ವಯಸ್ಸಿನಲ್ಲಿ. ಅದನ್ನು ಇನ್ನೊಮ್ಮೆ ಓದಿ. ಅವರು ಲೋಕವನ್ನು ಬಯ್ಯುತ್ತಾ ಶುರು ಮಾಡುವುದಿಲ್ಲ. ನನಗೆ ಜಂಬ ಬಂದು ಹೀಗಾದೆನಾ ಅಂತ ತನ್ನನ್ನೇ ಕೇಳಿಕೊಳ್ಳುತ್ತಾರೆ. ಶಾಲೆಯ ಬೋರ್ಡಿಂಗಿನಲ್ಲಿ ಗಂಟೆಗಟ್ಟಲೆ ಗಾಯತ್ರಿ ಜಪ ಮಾಡುತ್ತಿದ್ದ ಹುಡುಗನನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಆ ಹುಡುಗನನ್ನು ನೋಡಿದ ಮೇಲೆ ಅವರ ವಾದವನ್ನು ಕೇಳದೆ ಇರಲು ಆಗುವುದಿಲ್ಲ. ನಿಮ್ಮ ಲೇಖನದಲ್ಲಿ ಅಂಥ ಹುಡುಗ ಎಲ್ಲಿ?

ಇನ್ನೊಂದು ಸಾಲು, ಇದನ್ನು ಬಿಡಲು ಆಗಲ್ಲ. “ಲೋಕವನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂದು ಎಲ್ಲ ಧರ್ಮಗಳೂ ನಂಬುತ್ತವೆ.” ನಮ್ಮ ಹಾಸನ ಜಿಲ್ಲೆಯಲ್ಲಿ ಕೂತು ಹೀಗೆ ಬರೆಯಬಹುದಾ? ಶ್ರವಣಬೆಳಗೊಳ ಇರುವುದು ನಮ್ಮಲ್ಲೇ. ಜೈನರಿಗೆ ಸೃಷ್ಟಿಕರ್ತ ಇಲ್ಲ, ಲೋಕಕ್ಕೆ ಆದಿಯೇ ಇಲ್ಲ. ಲೋಕ ಹುಟ್ಟುವ ಮೊದಲು ಅದನ್ನು ಮಾಡಿದವನು ಎಲ್ಲಿ ನಿಂತಿದ್ದ ಅಂತ 9ನೇ ಶತಮಾನದಲ್ಲೇ ಜಿನಸೇನಾಚಾರ್ಯರು ಕೇಳಿದ್ದಾರೆ, ಅದೂ ‘ಆದಿಪುರಾಣ’ದಲ್ಲಿ, ಅಂದರೆ ಧರ್ಮಗ್ರಂಥದ ಒಳಗೇ. ನಿಮ್ಮಷ್ಟೇ ಖಾರವಾದ ಪ್ರಶ್ನೆ ಕೇಳಿದ ಮನುಷ್ಯ ಮುನಿಯಾಗಿದ್ದರು! ಇದನ್ನು ತಿಳಿದುಕೊಂಡಿದ್ದರೆ ನಿಮ್ಮ ಮೂರನೇ ಪುಟ ಇಡೀ ಬೇರೆಯಾಗುತ್ತಿತ್ತು.

ನಾನು ನಿಮ್ಮ ವಯಸ್ಸಿನಲ್ಲಿ ಹಾಸನದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಇನ್ನೂ ಒಂದೊಂದೇ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲ, ಮನೆಗೆ ಹೋದರೂ ಬೆರಳಲ್ಲಿ ಮಸಿ. ಆಗ ಹಾಸನಾಂಬೆಯ ದೀಪದ ಬಗ್ಗೆ ಬರೆದೆ. ವರ್ಷಕ್ಕೊಂದು ಸಲ ಆಶ್ವಯುಜದಲ್ಲಿ ಆ ದೇವಿಯ ಗುಡಿಯ ಬಾಗಿಲು ತೆಗೆಯುತ್ತಾರಲ್ಲ, ಹಿಂದಿನ ವರ್ಷ ಹಚ್ಚಿದ ದೀಪ ಇನ್ನೂ ಉರಿಯುತ್ತಿರುತ್ತದೆ, ಹೂ ಬಾಡಿರುವುದಿಲ್ಲ ಅನ್ನುವ ನಂಬಿಕೆ. ಒಂದು ಹಣತೆ ಎಣ್ಣೆ ಎಷ್ಟು ಗಂಟೆ ಉರಿಯುತ್ತದೆ ಅಂತ ಮನೆಯಲ್ಲಿ ಹಚ್ಚಿ ನೋಡಿ, ಲೆಕ್ಕ ಹಾಕಿ ಬರೆದಿದ್ದೆ. ಸಂಪಾದಕರು ‘ಮೂಢರು’ ಅನ್ನುವ ಪದಕ್ಕೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು. ಏಳು ಸುತ್ತು. “ಲೆಕ್ಕ ಸರಿಯಾಗಿದೆ. ಸಾಲಲ್ಲಿ ನಿಂತವರು ಏನ್ ಮಾತಾಡ್ತಾರೆ ಕೇಳ್ಕೊಂಡು ಬಾ” ಅಂದರು.

ಹೋಗಿ ನಿಂತೆ. ಮೂರು ಗಂಟೆ. ನನ್ನ ಮುಂದೆ ಅರಕಲಗೂಡು ಕಡೆಯ ಒಬ್ಬ ಹೆಂಗಸು, ಟವೆಲಿನಲ್ಲಿ ಮಡಿಲಕ್ಕಿ ಕಟ್ಟಿ ಹೊಟ್ಟೆಗೆ ಅವಚಿಕೊಂಡಿದ್ದರು. ದೀಪ ನಿಜವಾಗಲೂ ಉರಿಯುತ್ತಿರುತ್ತಾ ಅಂತ ಕೇಳಿದೆ. “ಅದ್ ನಂಗೇನ್ ಗೊತ್ತಪ್ಪ, ಮಗಳ ಹೆರಿಗೆ ಸಲೀಸಾದ್ರೆ ಬತ್ತೀನಿ ಅಂದಿದ್ದೆ, ಬಂದಿದೀನಿ” ಅಂದರು. ಆಮೇಲೆ ನಂಗೆ ಒಂದು ಬಾಳೆಹಣ್ಣು ಕೊಟ್ಟು, ಊಟ ಆಯ್ತಾ ಅಂತ ಕೇಳಿದರು. ನಾನು ನಾಲ್ಕು ಪುಟ ಜಗಳ ಆಡಿದ್ದು ದೀಪದ ಜೊತೆ. ಆ ಹೆಂಗಸಿಗೆ ದೀಪ ಬೇಕೇ ಇರಲಿಲ್ಲ. ಸಾಲಲ್ಲಿ ಇಲ್ಲದ ಯಾರನ್ನೋ ನಿಲ್ಲಿಸಿಕೊಂಡು ನಾನು ಗೆದ್ದಿದ್ದೆ. ಅವತ್ತೂ ನಂಗೆ ನಂಬಿಕೆ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಆ ಲೇಖನವನ್ನು ಹರಿದು ಹೊಸದಾಗಿ ಬರೆದೆ, ಅವರಿಂದಲೇ ಶುರು ಮಾಡಿ.

ನಿಮ್ಮ ಲೇಖನದಲ್ಲಿ ‘ಮೂಢ’, ‘ಅಜ್ಞಾನಿ’, ‘ಕುರುಡು’ ಎಲ್ಲ ಸೇರಿ ಹನ್ನೊಂದು ಸಲ ಬಂದಿದೆ. ನಿಮ್ಮಮ್ಮ ಬಂದಿರುವುದು ಒಂದೇ ಸಲ, ಅದೂ ಮುಚ್ಚಿಡಬೇಕಾದವರಾಗಿ. ಅವರು ಬೆಳಗ್ಗೆ ದೀಪ ಹಚ್ಚುವಾಗ ನೀವು ಪಕ್ಕದ ಕೋಣೆಯಲ್ಲಿ ಆ ಪುಸ್ತಕ ಓದುತ್ತಿದ್ದಿರಿ ತಾನೆ? ಎರಡೂ ಒಂದೇ ಮನೆಯಲ್ಲಿ ನಡೆದಿವೆ. ಅದನ್ನು ಬರೆಯಿರಿ. ಅಮ್ಮನನ್ನು ಹೊಗಳಬೇಕಿಲ್ಲ, ನಿಮ್ಮ ಅನುಮಾನವನ್ನು ಮೆತ್ತಗೆ ಮಾಡಬೇಕಿಲ್ಲ. ಪ್ರಶ್ನೆ ಎಷ್ಟು ಬೇಕಾದರೂ ಖಾರವಾಗಿರಲಿ, ಹಾಕುವ ಜವಾಬ್ದಾರಿ ನಂದು.

ನಿಮ್ಮ ಪ್ರತಿ ವಾಪಸ್ ಕಳಿಸಿದ್ದೇನೆ. ಬೈಂಡಿನ ಸಾಲಿಗೆ ಪೆನ್ಸಿಲ್ ಗುರುತು ಮಾಡಿದ್ದೇನೆ, ಅದಕ್ಕಿಂತ ಮೇಲಿನದ್ದೆಲ್ಲ ಹೊಡೆದು ಹಾಕಿದ್ದೇನೆ. ದೀಪಾವಳಿಗೆ ಮುಂಚೆ ಬರೆದು ಕಳಿಸಿದರೆ ಆ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ. ಆ ಬೈಂಡ್ ಇನ್ನೂ ಹಾಗೇ ಇದೆಯಾ, ಅದನ್ನೂ ತಿಳಿಸಿ.